ಮ್ಯೂಚುವಲ್

ಕಸ್ತೂರಿ,
ನೀ ಕೇಳಿದ್ದು ಸರಳ: ಮಂಗಳೂರು ಹೆಂಗೈತಿ,
ಬಂದ್ರ ಬಾಳೇವು ಆದೀತೋ ಇಲ್ಲೋ.
ನಿನ್ನ ಗದಗಿನ ಕುರ್ಚಿ ನನಗೆ, ನನ್ನ ಕುರ್ಚಿ ನಿನಗೆ;
ಅರ್ಜಿಯಲ್ಲಿ ನಿನ್ನ ಸಹಿ ಬಿದ್ದಾಗಿದೆ, ನನ್ನದು ಬಾಕಿ.
ಎತ್ತು ಮಾರುವವಳೇ ಅದರ ಬಾಯಿ ತೆರೆದು
ಹಲ್ಲು ಎಣಿಸಿ ತೋರಿಸಬೇಕಾದ ಕಷ್ಟ ಇದು.

ಮೊದಲು ಬೆವರು.
ಸ್ನಾನ ಮುಗಿಸಿ ಟವೆಲ್ ಹುಡುಕುವುದರೊಳಗೆ ಇನ್ನೊಂದು ಸ್ನಾನ.
ಊರಿಂದ ತಂದ ಕಡಕ್ ರೊಟ್ಟಿ ಎರಡೇ ದಿನಕ್ಕೆ
ಚರ್ಮದ ಹಾಗೆ ಮೆತ್ತಗಾಗಿ
ಮಡಚಿದರೂ ಮುರಿಯಲಿಲ್ಲ. ಅವತ್ತು ಅಳು ಬಂತು.
ಜೂನಿನಲ್ಲಿ ಅಂಚೆಚೀಟಿಗಳು ತಾವೇ ಒಂದಕ್ಕೊಂದು ಅಂಟುತ್ತವೆ.
ಕಿಟಕಿಯ ಸರಳು, ಸೈಕಲ್ಲಿನ ಚೈನು, ಸೇಫ್ಟಿಪಿನ್ನು,
ಎಲ್ಲವನ್ನೂ ಕಡಲು ಕೂತಲ್ಲಿಂದಲೇ ತಿನ್ನುತ್ತದೆ.

ಕಾಯಿಲೆ ಬಿದ್ದರೆ ಮಾತ್ರ ಈ ಊರಲ್ಲೇ ಬೀಳಬೇಕು.
ಆರು ಜಿಲ್ಲೆಯ ಎಕ್ಸ್‌ರೇ ಕವರುಗಳು
ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳುತ್ತ ನಿಂತಿರುತ್ತವೆ.
ನಾವು ಹುಬ್ಬಳ್ಳಿಗೆ ಓಡುವುದಕ್ಕೆ
ಇಲ್ಲಿ ಹತ್ತು ನಿಮಿಷದ ನಡಿಗೆ.
ಏರು ನಡಿಗೆ, ಹೇಳಿರುತ್ತೇನೆ. ಸಮನೆಲ ಅಂದರೆ
ಫುಟ್‌ಬಾಲ್ ಮೈದಾನ ಒಂದೇ.

ಇಲ್ಲಿ 'ಇದೆ' ಅನ್ನುವುದಿಲ್ಲ, 'ಉಂಟು' ಅನ್ನುತ್ತಾರೆ.
ಚಿಲ್ಲರೆ ಉಂಟಾ, ಮುಂದೆ ಜಾಗ ಉಂಟು, ನಿಮಗೆ ಜ್ವರ ಉಂಟಾ.
ಮನೆ ಉಂಟು, ಅಂದಿದ್ದರು ಮೂರು ಕಡೆ,
ಬೀಗದ ಕೈ ಹಿಡಿದುಕೊಂಡೇ 'ನೀವು ಯಾವ ಜನ?' ಅಂದು
ಆಮೇಲೆ ಮನೆ ಇಲ್ಲವಾಯಿತು.
ನಾಲ್ಕನೆಯದು ಫ್ಲೇವಿಯಾ ಬಾಯಿಯದು, ಬೆಂದೂರಿನ ಇಳಿಜಾರಲ್ಲಿ.
ನಾಯಿಗೆ ಹೆದರ್ತೀಯಾ, ಅಂತಷ್ಟೇ ಕೇಳಿದಳು.
ಹೆದರುತ್ತಿದ್ದೆ. ಇಲ್ಲ ಅಂದೆ.

ಸಾರ್ಟಿಂಗಿನ ಮೊಯ್ದಿನ್‌ಗೆ ಬಡ್ತಿ ಬಂದ ದಿನ
ಹಂಪನಕಟ್ಟೆಯಲ್ಲಿ ಗಡ್‌ಬಡ್ ತಿನ್ನುತ್ತ ಕೂತೆವು.
ಎತ್ತರದ ಗ್ಲಾಸಿನ ತಳದ ಜೆಲ್ಲಿಗೆ ಚಮಚ ಮುಟ್ಟುವ ಮೊದಲೇ
ಪಕ್ಕದ ಮೇಜಿನವ ಯಾರಿಗೋ ಫೋನು ಮಾಡಿದ್ದ.
ಹೊರಗೆ ಮೂವರು ಹುಡುಗರು, ಅಣ್ಣ ಅಂತಲೇ ಮಾತು.
ಅವನ ಹೆಸರು ಮೊದಲು ಕೇಳಿದರು, ಆಮೇಲೆ ನನ್ನದು.
ಇಲಾಖೆಯ ಗುರುತಿನ ಚೀಟಿ ತೋರಿಸಿ ಬಂದೆವು.
ಈಗ ನಾವು ಚಹಾ ಕುಡಿಯುವುದು ಆಫೀಸಿನಲ್ಲಿ,
ಬಾಗಿಲು ಪೂರಾ ತೆರೆದಿಟ್ಟು.
ಇದನ್ನು ಬರೆಯಬೇಕೋ ಬೇಡವೋ
ಅಂತಲೇ ಎರಡು ವಾರ ನಿನಗೆ ಉತ್ತರ ಬರೆಯಲಿಲ್ಲ.

ಆದರೂ ಐದೂವರೆಗೆ ಕೆಲಸ ಬಿಟ್ಟರೆ
ಹೊತ್ತು ಮುಳುಗುವ ಮೊದಲು ನೀರಿನ ಮುಂದೆ ಇರಬಹುದು.
ಪಣಂಬೂರಿನಾಚೆ ಹಡಗುಗಳು ಸರದಿಗೆ ಕಾದಿರುತ್ತವೆ,
ನಮ್ಮ ವರ್ಗಾವಣೆಯ ಕಡತಗಳ ಹಾಗೆ, ದೀಪ ಹಚ್ಚಿಕೊಂಡು.
ಗೋಳಿಬಜೆ ಬಿಸಿ ಇದ್ದರೆ ತಿನ್ನು, ಆರಿದರೆ ಬಿಡು.
ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು
ಮಳೆಗಾಲದಲ್ಲಿ ದೋಣಿ ಕಟ್ಟಿ ಹಾಕಿದಾಗ
ಬೀದಿಯಲ್ಲಿ ಏನೋ ಕಡಿಮೆಯಾಯಿತು ಅಂದುಕೊಂಡೆ.
ತಿನ್ನುವುದಿಲ್ಲ ಈಗಲೂ.

ಎರಡನೇ ವರ್ಷ, ಪಿಂಚಣಿಯ ನೋಟು ಎಣಿಸುತ್ತ
ಒಬ್ಬ ಮುದುಕಿ 'ಈರೆನ ಊರು ಓಲು?' ಅಂದಳು.
ನಿಮ್ಮೂರು ಎಲ್ಲಿ ಅಂತ. ಬಾಯಿ ತಪ್ಪಿ 'ಮುಲ್ಪನೇ' ಅಂದೆ,
ಇಲ್ಲೇ.
ರೋಣದ ಹುಡುಗಿ ಹಸಿ ಸುಳ್ಳು ಹೇಳಿದ್ದಕ್ಕೆ
ಕೌಂಟರಿನ ಹಿಂದೆ ಯಾರೂ ನಗಲಿಲ್ಲ.

ಹಲ್ಲು ಎಣಿಸಿದ್ದೇನೆ, ಕಸ್ತೂರಿ. ಬೆಲೆ ನೀನೇ ಕಟ್ಟು.
ಅರ್ಜಿ ಡ್ರಾವರಿನಲ್ಲಿದೆ, ತೇವಕ್ಕೆ ಅಂಚು ಸುರುಳಿ ಸುತ್ತಿದೆ;
ನಿನ್ನ ಸಹಿಯ ಶಾಯಿ ತುಸು ಹರಡಿದೆ.
ಬರುವುದಾದರೆ ಎರಡು ಕೊಡೆ ತಾ.
ಒಂದನ್ನು ಮೊದಲ ವಾರವೇ ಸಿಟಿ ಬಸ್ಸಿನಲ್ಲಿ ಮರೆಯುತ್ತಿ.
ಮೂರನೇ ದಿನ ಕಂಡಕ್ಟರ್ ಬಂಗೇರ, ಪುಟ್‌ಬೋರ್ಡಿನಲ್ಲಿ ಜೋತು,
ನಿನ್ನ ಹೆಸರು ಹಿಡಿದು ಕೂಗಿ ಕೊಡುತ್ತಾನೆ.
ಹೆಸರು ಹೇಗೆ ಗೊತ್ತಾಯಿತು ಅಂತ ಕೇಳಬೇಡ.
ನಾನೂ ಕೇಳಿಲ್ಲ.