ಸದ್ದಿನವನು

ಚಿರುಂಡು ಸೇತುವೆಯ ಈಚೆ
ತಾಮ್ರ ಹೊತ್ತ ಲಾರಿಗಳು ಮೂರು ದಿನದಿಂದ
ಕಾಲು ಚಾಚಿ ಮಲಗಿವೆ.
ಕಾಗದಕ್ಕೊಂದು ಸೀಲು ಬೀಳುವ ತನಕ
ಚಾಲಕನಿಗೆ ಇನ್ನೇನಿದೆ?
ಬಿಸಿಲು, ಬಿಯರು, ಗಂಟೆಯ ಲೆಕ್ಕದ ಕೋಣೆ
ಮತ್ತು ನಮ್ಮ ರೇಡಿಯೋ.

ನಾನು ಲುಯಾಂಡೊ. ನಾಟಕಕ್ಕೆ ಸದ್ದು ಮಾಡುವವನು.
ಮೊರದಲ್ಲಿ ಜೋಳ ಉರುಳಿಸಿದರೆ ಮಳೆ.
ಚಾಪೆ ಕೊಡವಿದರೆ ಕೊಕ್ಕರೆ ಹಾರುತ್ತದೆ.
ಖಾಲಿ ಡ್ರಮ್ಮಿಗೆ ತಲೆ ತೂರಿಸಿ ಗೊರಕೆ ಹೊಡೆದರೆ
ಜಾಂಬೆಜಿಯ ನೀರಾನೆ ನಾನೇ.

ಗುರುವಾರ ರಾತ್ರಿ ಚೋಲ್ವೆ, ಬೀನಕ್ಕ ಆಗುತ್ತಾಳೆ.
ಒಣಮೀನು ಮಾರುವ, ಬಾಯಿಗೆ ಬೀಗವಿಲ್ಲದ ಬೀನಕ್ಕ.
ಆರೋಗ್ಯದವರು ಹಂಚಿದ ಕರಪತ್ರದಲ್ಲಿ
ಊರು ಕಡಲೆಕಾಯಿ ಕಟ್ಟಿಕೊಂಡಿತು;
ಕಾಂಡೋಮಿನ ಪೆಟ್ಟಿಗೆಯಿಂದ
ಹುಡುಗರು ಚೆಂಡು ಮಾಡಿಕೊಂಡರು.
ಬೀನಕ್ಕ ಬೈದ ಮೇಲೆ ಮಾತ್ರ
ಮೀಸೆ ನರೆತ ಚಾಲಕನೊಬ್ಬ ಟೀ ಅಂಗಡಿಗೆ ಬಂದು
ಸಕ್ಕರೆ ಕೇಳಿದ ಹಾಗೆ ಕೇಳಿದ:
'ಅದು ಎರಡು ಕೊಡು. ಅಲ್ಲ, ನಾಲ್ಕು.'

ಅವಳು ಪ್ರತಿ ವಾರ ಹೇಳುವ ಒಂದು ಮಾತಿತ್ತು:
'ಪರೀಕ್ಷೆ ಮಾಡಿಸ್ಕೊಳ್ರೋ, ಇರುವೆ ಕಚ್ಚಿದಷ್ಟೇ ನೋವು.'
ಆ ಮಾತಿಗೆ ಸದ್ದು ಬೇಕೆಂದರು.
ನಾನು ಬೆರಳು ಚಿಟಿಕೆ ಹೊಡೆದೆ.
ಎರಡು ವರ್ಷ ಅದೇ ಚಿಟಿಕೆ.

ಒಂದು ದಿನ ಸಂತೆಯಲ್ಲಿ, ಮೀನಿನ ರಾಶಿಯ ಹಿಂದಿನಿಂದ
ನ್ಚಿಮುನ್ಯ ಎಂಬ ಹುಡುಗಿ
ಚೋಲ್ವೆಯ ಸೆರಗಿನಂಥ ಚಿತೆಂಗೆ ಹಿಡಿದೆಳೆದು
ಮೆಲ್ಲಗೆ ಕೇಳಿದಳು:
'ಬೀನಕ್ಕ, ನಿನಗೆ ಯಾವ ಬೆರಳಿಗೆ ಚುಚ್ಚಿದ್ದು?'

ಊರಿಗೆಲ್ಲ ಬುದ್ಧಿ ಹೇಳುವ ನಾಲಿಗೆ
ಅಲ್ಲೇ ಅಂಗಳಕ್ಕೆ ಅಂಟಿಕೊಂಡಿತು.
ಚೋಲ್ವೆ ತನ್ನ ಹತ್ತೂ ಬೆರಳು ನೋಡಿಕೊಂಡಳು,
ಎಣಿಸುವವಳಂತೆ.

ಮಾರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಿದಳು. 'ಬಾ ಜೊತೆಗೆ.'
ಕ್ಲಿನಿಕ್ಕಿನ ಸಿಸ್ಟರು ದನಿ ಕೇಳಿಯೇ ಗುರುತು ಹಿಡಿದು
ನಕ್ಕಳು. ಆಮೇಲೆ ನಗಲಿಲ್ಲ.
ಚುಚ್ಚಿದಳು. ನಾನು ಕಿವಿಗೊಟ್ಟೆ.
ಚಿಟಿಕೆಯಂಥದ್ದೇನೂ ಕೇಳಲಿಲ್ಲ.

ಹದಿನೈದು ನಿಮಿಷ ಕಾಯಿರಿ ಎಂದರು.
ಬೆಂಚಿನ ಮೇಲೆ ನಾವಿಬ್ಬರು.
ಗೋಡೆ ಗಡಿಯಾರದ ಮುಳ್ಳು ಕುಂಟುತ್ತಿತ್ತು.
ಯಾರದೋ ಮಗು ಬಿಕ್ಕಳಿಸುತ್ತಿತ್ತು.
ಚೋಲ್ವೆ ಉಗುಳು ನುಂಗಿದ್ದು ಕೇಳಿಸಿತು,
ಒಮ್ಮೆ, ಮತ್ತೊಮ್ಮೆ;
ನನ್ನ ಡ್ರಮ್ಮು, ಮೊರ, ಚಾಪೆ
ಯಾವುದರಲ್ಲೂ ಇರದ ಸದ್ದು.
'ನೀನೂ ಮಾಡಿಸ್ಕೋ' ಎಂದಳು, ನನ್ನ ಕಡೆ ನೋಡದೆ.
ನಾನು ಶೂ ದಾರ ಬಿಚ್ಚಿ ಕಟ್ಟಿದೆ, ಕಟ್ಟಿ ಬಿಚ್ಚಿದೆ.
ಆಮೇಲೆ ಕೈ ಚಾಚಿದೆ.

ಒಂದು ಗೆರೆಯೋ ಎರಡೋ, ಯಾರದು ಯಾವುದೋ,
ಅದು ರೇಡಿಯೋಗೆ ಸೇರಿದ್ದಲ್ಲ.
ಒಂದಾದರೂ ಎರಡಾದರೂ ಮಾತ್ರೆ ಇದೆ,
ದಾರಿ ಇದೆ ಎಂದಳು ಸಿಸ್ಟರು,
ಎರಡು ಸಲ ಹೇಳಿದಳು. ಅಷ್ಟು ಸಾಕು.

ಗುರುವಾರ ಬಂತು. ಬೀನಕ್ಕ
ಬರೆದುಕೊಟ್ಟ ಹಾಳೆ ಬದಿಗಿಟ್ಟಳು.
'ಇರುವೆ ಅಂದಿದ್ದೆನಲ್ಲ, ಸುಳ್ಳು.
ಸೂಜಿ ಏನೂ ಅಲ್ಲ. ಕಾಯೋದು ಕಷ್ಟ.
ಯಾರನ್ನಾದರೂ ಕರಕೊಂಡು ಹೋಗಿ.'
ನಿರ್ದೇಶಕರು ಗಾಜಿನಾಚೆ ನನಗೆ ಸನ್ನೆ ಮಾಡಿದರು:
ಸದ್ದು! ಸದ್ದೆಲ್ಲಿ?

ರೇಡಿಯೋದಲ್ಲಿ ಮೌನವೆಂದರೆ ಕೆಟ್ಟುಹೋದ ಯಂತ್ರ.
ಆದರೂ ಬೆರಳು ಎತ್ತಲಿಲ್ಲ ನಾನು.
ಏಳೆಂಟು ಉಸಿರಿನಷ್ಟು ಹೊತ್ತು
ಇಡೀ ಗಡಿ ಸುಮ್ಮನಿತ್ತು;
ಲಾರಿಗಳ ಕ್ಯಾಬಿನ್ನುಗಳಲ್ಲಿ ಯಾರೋ
ರೇಡಿಯೋ ಕೆಟ್ಟಿತೆಂದು ಬಡಿದಿರಬಹುದು.

ಶುಕ್ರವಾರ ಆ ಬೆಂಚಿನಲ್ಲಿ
ನ್ಚಿಮುನ್ಯ ಇದ್ದಳು, ಮೀನಿನ ವಾಸನೆಯ ಸಮೇತ.
ಪಕ್ಕದಲ್ಲಿ ಆ ನರೆತ ಮೀಸೆಯವನು,
ಅವಳಿಗೆ ಏನೂ ಆಗಬೇಕಾದವನಲ್ಲ,
ಟೋಪಿ ಮೊಣಕಾಲ ಮೇಲಿಟ್ಟು
ತನ್ನ ಸರದಿಗೆ ಕಾಯುತ್ತಿದ್ದ.