ದೆವ್ವಕ್ಕೆ ಕಾಲು ಕೊಟ್ಟವಳು

ಮೊಮ್ಮಗ ನೇವಿಯೊ ಸೋಫಾದಲ್ಲಿ ಮೊಣಕಾಲು ಅಪ್ಪಿ ಕೂತಿದ್ದಾನೆ.
ಎಂಬತ್ಮೂರರ ಸಿನಿಮಾ. ಹೊಸದಾಗಿ ತೊಳೆದು ಬಿಟ್ಟಿದ್ದಾರಂತೆ,
ಕತ್ತಲು ಕೂಡ ಇಸ್ತ್ರಿ ಮಾಡಿದ ಹಾಗಿದೆ.
"ಹೆದರಿಕೆಯಾದರೆ ಹೇಳಜ್ಜಿ, ನಿಲ್ಲಿಸ್ತೀನಿ" ಅನ್ನುತ್ತಾನೆ
ಹನ್ನೊಂದು ವರ್ಷದ ಧೀರ.

ದಿಬ್ಬದ ಮೇಲೆ ಅದೇ ಬಂಗಲೆ.
ಟ್ಯೂರಿನ್ನಿನ ಆಚೆ ಎಲ್ಲೋ ಇತ್ತು, ನಾನು ಕಂಡವಳಲ್ಲ.
ಒರಗಿದರೆ ಬೀಳುವ ರಟ್ಟಿನ ಕಂಬ,
ಕಿಟಕಿಯಲ್ಲಿ ಬಿಳಿ ಗೌನಿನ ಹುಡುಗಿ.
ಬಾಯಿ ತೆರೆದರೆ ಹಲ್ಲಿಗೆ ಕಟ್ಟಿದ ತಂತಿ ಮಿಂಚುತ್ತದೆ,
ನೂರು ವರ್ಷದ ಹಿಂದೆ ಸತ್ತವಳಿಗೆ!
ನೇವಿಯೊ ನಗುತ್ತಾನೆ. ನಾನೂ.

ಆಮೇಲೆ ಮೆಟ್ಟಿಲು.
ಯಾರೂ ಇಲ್ಲ. ಬರೀ ಸದ್ದು:
ಧಪ್.
ಕಿರ್ರ್.
ಧಪ್.
ಹುಡುಗನ ನಗು ದಿಂಬಿನೊಳಗೆ ಹೋಯಿತು.

ಅದು ನಾನು.

ರೋಮಿನಲ್ಲೊಂದು ನೆಲಮಾಳಿಗೆ, ಫೆಬ್ರವರಿಯ ಥಂಡಿ.
ಸದ್ದು ಹುಟ್ಟಿಸುವುದು ನನ್ನ ಓರೆಸ್ತೆಯ ಕಸುಬು.
ಎಲುಬು ಮುರಿಯಲು ಸೆಲರಿ ದಂಟು,
ಬಾಗಿಲಿಗೆ ಅತ್ತೆಯ ಕೋಳಿಗೂಡಿನ ತುಕ್ಕು ಕೀಲು.
ಆ ವಾರವೆಲ್ಲ ಕೋಳಿಗಳು ಅಡುಗೆಮನೆಯಲ್ಲೇ ಮಲಗಿದವು.
ನಡೆಯಬೇಕಾದ ದಿನವೇ ಅವನ ಹೆಬ್ಬೆರಳು
ಊದಿ ಬದನೆಕಾಯಿ.
"ಎರ್ಸೀಲಿಯಾ, ನೀನೇ ನಡಿ," ಅಂದ.
"ಹೆದರಿಸೋಕೆ ಹೋಗಬೇಡ.
ಮನೆಗೆ ತಡವಾಗಿ ಬಂದವಳ ಹಾಗೆ,
ಯಾರಿಗೂ ಎಚ್ಚರವಾಗಬಾರದು ಅನ್ನೋ ಹಾಗೆ ನಡಿ."

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿಯವಳು ನಾನು,
ಆ ನಡಿಗೆಯನ್ನು ಯಾರೂ ಕಲಿಸಬೇಕಿರಲಿಲ್ಲ.

ಇದ್ದದ್ದು ಒಂದೇ ಹಲಗೆ.
ನಿಂತಲ್ಲೇ ಹದಿನಾಲ್ಕು ಮೆಟ್ಟಿಲು ಹತ್ತಿದೆ.
ಹೊಟ್ಟೆಯಲ್ಲಿ ಇವನ ತಾಯಿ, ಐದು ತಿಂಗಳು.
ಊರೆಲ್ಲ ಬೆಚ್ಚಿದ ಆ ಧಪ್‌ನಲ್ಲಿ
ಅವಳ ಭಾರವೂ ಇದೆ.

ಈಗ ಮಂಡಿ ನನ್ನ ಮಾತು ಕೇಳುವುದಿಲ್ಲ,
ಕೆಳಗಿನ ಬ್ರೆಡ್ ಅಂಗಡಿಗೂ ಲಿಫ್ಟೇ ಗತಿ.
ಅಲ್ಲಿ ಮಾತ್ರ ಇನ್ನೂ ಹತ್ತುತ್ತಲೇ ಇದ್ದೇನೆ
ಮೂವತ್ತೊಂದರ ಬರಿಗಾಲಲ್ಲಿ,
ಹಿಮ್ಮಡಿಯ ಬಳಿ ಮೈಕು ಹಿಡಿದು ಅವನು ಕುಕ್ಕರಗಾಲಲ್ಲಿ.
ಏಳನೆಯ ಹೆಜ್ಜೆ ಆದಮೇಲೆ, ಕಿವಿಗೊಟ್ಟರೆ,
ಒಂದು ಸಣ್ಣ ಉಸಿರು.
ನನ್ನದಲ್ಲ. ಹೆಬ್ಬೆರಳ ನೋವಿಗೋ
ನಾನು ಚೆನ್ನಾಗಿ ನಡೆದೆ ಎಂದೋ
ಅವನು ಒಳಗೆಳೆದುಕೊಂಡದ್ದು.
ತೊಳೆದವರು ಅದನ್ನು ಕೊಳೆ ಅಂದುಕೊಳ್ಳಲಿಲ್ಲ, ಪುಣ್ಯ.

"ಇನ್ನೊಂದು ಸಲ ಹಾಕು" ಅಂದೆ.
"ನಿಂಗೆ ಭಯ ಆಗಲ್ವಾ?"
ರಿಮೋಟು ಅವನ ಕೈಯಲ್ಲಿ ಬೆವೆತಿದೆ.
ಹುಡುಗಿ ತಂತಿಯ ಬಾಯಿ ಮುಚ್ಚಿಕೊಂಡು
ಕಿಟಕಿಯಿಂದ ಹಿಂದೆ ಸರಿಯುತ್ತಾಳೆ.
ಖಾಲಿ ಮೆಟ್ಟಿಲು.
"ಸೌಂಡು ಜಾಸ್ತಿ ಮಾಡು, ಮರಿ."