ಹುಳಿಯ ಕೆಳಗಿನ ಸಿಹಿ

ತೂ-ಆಶೂ ಘಾಟಿ ಇಳಿದ ಮೇಲೆ
ಸಿಗುವ ಮೊದಲ ಗ್ಯಾರೇಜು ನಮ್ಮದು.
ಮೇಲೆ ಕೆಟ್ಟವರು ಇಲ್ಲಿಯವರೆಗೆ
ಉರುಳಿಕೊಂಡೇ ಬರುತ್ತಾರೆ.

ಮೂರು ಗಂಟೆಗೆ ಸೋನುನ್ ಅಕ್ಕನ ಆಡಿ ಬಂತು,
ನನಗಿಂತ ನಾಲ್ಕು ವರ್ಷ ಹಿರಿಯದು.
ಹಿಂದಿನ ಸೀಟಿನ ತುಂಬ ಬಾಟಲಿಗಳು,
ಹುಳಿಬಂದ ಕುದುರೆಹಾಲು, ಹೊಗೆಯ ಕಮಟು.
‘ನೀರು ಕುಡಿಯುತ್ತೆ ಮುಂಡೇದು,
ದಿನಕ್ಕೊಂದು ಲೋಟ.
ನೆಲಕ್ಕೆ ಮಾತ್ರ ಒಂದು ಹನಿ ಬೀಳೋಲ್ಲ.’

ಏನು ಹೊಯ್ದೆ ಅಂದರೆ, ಹೊಳೆನೀರು!
ಅಸಂಕುಲ್ ಉಸ್ತಾ ಹಣೆ ಚಚ್ಚಿಕೊಂಡ:
‘ಇವತ್ತು ಮೇಲೆ ಬೇಗ ಕುದಿಯುತ್ತೆ,
ನವೆಂಬರಿನಲ್ಲಿ ಹೆಪ್ಪುಗಟ್ಟಿ ಎಂಜಿನ್ನನ್ನೇ ಸೀಳುತ್ತೆ.’
ಮುಚ್ಚಳಕ್ಕೆ ಕೈಹಾಕಿದ ನನ್ನನ್ನು ತಡೆದು
ಮೊಣಕೈವರೆಗಿನ ತನ್ನ ಸುಟ್ಟ ಕಲೆ ತೋರಿಸಿದ.
ಬಿಸಿ ಆರುವವರೆಗೆ ಚಹಾ.

ಒಂದು ಗುಟ್ಟು ಹೇಳಬೇಕು.
ಎರಡು ಚಳಿಗಾಲದ ಹಿಂದೆ ಜ್ವರ ಬಂದು
ಉಸ್ತಾನ ಮೂಗು ಸತ್ತಿದೆ.
ಗಿರಾಕಿಗಳಿಗೆ ಗೊತ್ತಿಲ್ಲ.
ಅವನು ಕೆಮ್ಮಿದರೆ ನಾನು ಮೂಸಬೇಕು;
ಸಿಹಿ ಇದ್ದರೆ ಸ್ಪ್ಯಾನರನ್ನು ಎಡಗೈಯಲ್ಲಿ ಕೊಡಬೇಕು,
ಇಲ್ಲದಿದ್ದರೆ ಬಲಗೈಯಲ್ಲಿ.

ಆಯಿಲ್ ಮುಚ್ಚಳ ಬಿಚ್ಚಿದೆ.
ಅಡಿಯಲ್ಲಿ ಮಜ್ಜಿಗೆಯಂಥದ್ದು ಕಂಡರೆ ಮುಗಿಯಿತು,
ಹೆಡ್ ಗ್ಯಾಸ್ಕೆಟ್, ಅಕ್ಕನ ಅರ್ಧ ವರ್ಷದ ದುಡಿಮೆ.
ಕಾಣಲಿಲ್ಲ. ಕಪ್ಪು ಎಣ್ಣೆ, ಶುದ್ಧ ಕಪ್ಪು.
ಹೊಗೆಕೊಳವೆಯಲ್ಲಿ ಬಿಳಿಹೊಗೆಯಿಲ್ಲ.
ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಂಡಿದೆ,
ಮುದಿ ಆಕಳ ಮೊಲೆಯ ಹಾಗೆ; ಒಣ.
ವಾಟರ್ ಪಂಪಿನ ಹೊಟ್ಟೆಯ ಕಿರುತೂತು, ಒಣ.
ರೇಡಿಯೇಟರಿನ ಎಲುಬುಗಳ ನಡುವೆ ಹಸಿರು ಉಪ್ಪಿಲ್ಲ.

ಗಾಳಿಪಂಪು ಕೂರಿಸಿ ಒತ್ತಡ ಏರಿಸಿದೆವು.
ಮುಳ್ಳು ಒಂದರ ಮೇಲೆ ನಿಂತಿತು,
ನಿಂತಂತೆ ನಟಿಸಿತು,
ಆಮೇಲೆ ತೂಕಡಿಸುವವನ ರೆಪ್ಪೆಯಂತೆ
ಇಳಿಯತೊಡಗಿತು.
ಎಲ್ಲೋ ಹೋಗುತ್ತಿದೆ. ಹೊರಗಲ್ಲ.

ಪಕ್ಕದ ಸೀಟಿನ ಕೆಳಗೆ ಕೈಯಿಟ್ಟೆ.
ಕಾರ್ಪೆಟ್ಟು ಚಿಪಚಿಪ.

‘ಅದಾ? ಅದು ಕುಬಾತನ ಕೆಲಸ,
ನಮ್ಮಕ್ಕನ ಮಗ.
ಒಂದು ಮುಚ್ಚಳ ನೆಟ್ಟಗೆ ತಿರುಗಿಸೋಕೆ ಬರೋಲ್ಲ.
ಹೋದ ವಾರ ಎರಡು ಬಿಟ್ಟು
ಕುದುರೆ ಕಾಯೋಕೆ ಅಟ್ಟಿದೆ.’

ಉಸ್ತಾ ಕೆಮ್ಮಿದ.

ಮೊಣಕಾಲೂರಿ, ಕೆನ್ನೆಯನ್ನು ಚಾಪೆಗೆ ತಾಗಿಸಿದೆ.
ಮೊದಲು ಹುಳಿ. ಆಮೇಲೆ ಹೊಗೆ,
ಕಂಬಳಿ, ಕುದುರೆಯ ಬೆವರು, ಯಾರದೋ ಕಾಲ್ಚೀಲ.
ಉಸಿರು ಬಿಟ್ಟೆ. ಮತ್ತೆ ಎಳೆದೆ.
ಎಲ್ಲದರ ಹಿಂದೆ, ಬಾಗಿಲ ಮರೆಯಲ್ಲಿ ನಿಂತು
ಮಾತು ಕೇಳಿಸಿಕೊಳ್ಳುವ ಮಗುವಿನಂತೆ,
ಒಂದು ಸಿಹಿ.
ಮುಂದಿನ ಗಾಜಿನ ಒಳಮೈ ಮೇಲೆ ಬೆರಳೆಳೆದೆ,
ಜಿಡ್ಡು ಜಿಡ್ಡು ಮಂಜು.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ;
ಒದ್ದೆಯಾದದ್ದೆಲ್ಲವೂ ಅಲ್ಲ.
ಮೊಸರು ತಿಂದ ಕೋತಿ ಡ್ಯಾಶ್‌ಬೋರ್ಡಿನೊಳಗೆ ಕೂತಿತ್ತು,
ಬಾಯಿ ಒರೆಸಿದ್ದು ಮಾತ್ರ ಕುಬಾತನ ಮುಖಕ್ಕೆ.

ಎಡಗೈಯಲ್ಲಿ ಸ್ಪ್ಯಾನರ್ ಕೊಟ್ಟೆ.

‘ಹೀಟರ್,’ ಅಂದ ಉಸ್ತಾ, ತಾನೇ ಮೂಸಿದವನ ಗತ್ತಿನಲ್ಲಿ.
‘ಹೊಸದು ಬಿಷ್ಕೇಕಿನಿಂದ ಬರಬೇಕು, ನಾಲ್ಕು ದಿನ.
ಇಲ್ಲವೇ ಎರಡು ಪೈಪಿನ ಬಾಯಿ ಒಂದು ಮಾಡ್ತೀನಿ,
ಹತ್ತು ನಿಮಿಷ. ಸೋರೋಲ್ಲ.
ಕಾಲಿಗೆ ಬಿಸಿಯೂ ಬರೋಲ್ಲ.’

ಅಕ್ಕ ಗಾಜಿನ ಮೇಲೆ ನನ್ನ ಬೆರಳು ಬಿಟ್ಟ
ಗೆರೆಯನ್ನೇ ನೋಡುತ್ತಿದ್ದಳು.
‘ಆ ಹುಡುಗ ಹೇಳಿದ್ದ,’ ಅಂದಳು,
‘ಮುಚ್ಚಳ ಗಟ್ಟಿ ಇದೆ ಅಂತ. ಎರಡು ಸಲ.’
ಫೋನು ತೆಗೆದು, ಮತ್ತೆ ಒಳಗಿಟ್ಟಳು.
ಕುದುರೆಗಳಿರುವ ಕಡೆ ಸಿಗ್ನಲ್ ಎಲ್ಲಿ.
‘ಒಂದು ಮಾಡು. ಕಾಲಿಗೆ ಕಂಬಳಿಯಿದೆ.
ಇವತ್ತು ರಾತ್ರಿಯೇ ಮೇಲೆ ಹೋಗಬೇಕು.’

ಹೊಳೆನೀರು ಬಸಿದು ಹಸಿರು ತೊಸೋಲ್ ತುಂಬಿದೆವು.
ಮುಳ್ಳು ಏರಿತು, ನಿಂತಿತು.
ಈ ಸಲ ನಟನೆಯಲ್ಲ.

ದುಡ್ಡನ್ನು ಉಸ್ತಾನ ಅಂಗೈಯಲ್ಲಿ ಎಣಿಸಿಟ್ಟಳು.
ಒಂದು ಬಾಟಲಿ ತಂದಳು, ನಾನು ಬಲಗೈ ಚಾಚಿದೆ.
‘ಅದಲ್ಲ,’ ಅಂದು
ಎಡಗೈಗೆ ಕೊಟ್ಟು ಹೋದಳು.

ಗಾಡಿ ತಿರುವು ದಾಟುವವರೆಗೂ
ಉಸ್ತಾ ಮಾತಾಡಲಿಲ್ಲ.
ಆಮೇಲೆ ಗಂಟಲು ಸರಿಮಾಡಿಕೊಂಡು,
‘ಮುಚ್ಚಳ ಬಿಗಿ ಇದೆಯಾ ನೋಡು,’ ಅಂದ.